ಟೊಮೇಟೊ ಗಿಡದ ಮೊಮ್ಮಕ್ಕಳು

ಹಿತ್ತಿಲಲ್ಲಿ ನಾಲ್ಕು ಟೊಮೇಟೊ ಗಿಡ ಬೆಳೆಸುವವರಿಗೆ ಒಂದಲ್ಲ ಒಂದು ದಿನ ಒಂದು ಆಸೆ ಹುಟ್ಟುತ್ತದೆ. ಈ ಗಿಡದ ರುಚಿ, ಆ ಗಿಡದ ಗಾತ್ರ ಎರಡೂ ಒಂದೇ ಹಣ್ಣಿನಲ್ಲಿ ಸೇರಿದರೆ ಹೇಗೆ? ಎರಡನ್ನೂ ಕೂಡಿಸಿ ನಮ್ಮದೇ ಒಂದು ತಳಿ ಮಾಡಬಾರದೇಕೆ? ಈ ಆಸೆ ತಪ್ಪಲ್ಲ. ಅದು ನೀವು ಎಣಿಸಿದಷ್ಟು ಕಷ್ಟದ ಕೆಲಸವೂ ಅಲ್ಲ. ಆದರೆ ಕೂಡಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ಅರಿಯದೆ ಮುಂದುವರಿದರೆ ನಗೆಪಾಟಲಾಗುವುದುಂಟು. ಅದಕ್ಕಿಂತ ಕೆಟ್ಟದ್ದೂ ಆಗುವುದುಂಟು. ನಾನು ಕನ್ನಡ ಪಂಡಿತ. ಸಸ್ಯಶಾಸ್ತ್ರ ನನ್ನ ಕಸುಬಲ್ಲ. ಆದುದರಿಂದಲೇ ಮೊದಲು ತಪ್ಪಿ, ಆಮೇಲೆ ಕಲಿತೆ.

ಟೊಮೇಟೊ ನಮ್ಮ ನಾಡಿನದಲ್ಲ. ಅದರ ಕಾಡುಮೂಲ ದಕ್ಷಿಣ ಅಮೆರಿಕದ ಪಡುವಣ ಸೀಮೆ. ಹೆಸರು ಬಂದದ್ದು ಮೆಕ್ಸಿಕೋದ ಮೂಲನಿವಾಸಿಗಳ ನವಾತಲ್ ಭಾಷೆಯಿಂದ, ಸ್ಪ್ಯಾನಿಷರ ಬಾಯಿ ಹಾದು. ಹಿಂದಿನವರು ಕೆಲವರು ಇದನ್ನು ಚಪ್ಪರಬದನೆ ಎನ್ನುತ್ತಿದ್ದರು. ಹೆಸರಿಟ್ಟವರ ಕಣ್ಣು ಚುರುಕಾಗಿತ್ತೆನ್ನಬೇಕು, ಬದನೆಯೂ ಟೊಮೇಟೊವೂ ಒಂದೇ ಕುಲದವು. ನಮಗೆ ಇಲ್ಲಿ ಮುಖ್ಯವಾದದ್ದು ಇದರ ಹೂವಿನ ರಚನೆ. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿವೆ. ಹಳದಿಯ ಕೇಸರಗಳು ಒಂದಕ್ಕೊಂದು ಅಂಟಿ ಶಂಖುವಿನಂತಾಗಿ, ನಡುವಿನ ಶಲಾಕೆಯನ್ನು ಮುಚ್ಚಿಕೊಂಡಿರುತ್ತವೆ. ಗಾಳಿಗೆ ಹೂ ಅಲುಗಿದರೆ ತನ್ನ ಪರಾಗ ತನ್ನ ಮೇಲೆಯೇ ಉದುರುತ್ತದೆ. ಹೀಗಾಗಿ ನಾಟಿ ಟೊಮೇಟೊವಿನ ಬೀಜ ಎತ್ತಿಟ್ಟು ಹಾಕಿದರೆ ಬಹುಮಟ್ಟಿಗೆ ಅದೇ ಹಣ್ಣು ಮತ್ತೆ ಬರುತ್ತದೆ.

2020ರಲ್ಲಿ ಶಾಲೆ ಮುಚ್ಚಿದ್ದ ಕಾಲ. ಸ್ನೇಹಿತರೊಬ್ಬರು ಕೊಟ್ಟ ಬೀಜದಿಂದ ಒಂದು ಹಳದಿ ಹಣ್ಣಿನ ಗಿಡ ನನ್ನಲ್ಲಿ ಬೆಳೆದಿತ್ತು. ಅದರ ಎಲೆ ಟೊಮೇಟೊವಿನ ಎಲೆಯಂತೆ ಅಂಚು ಹರಿದಿರಲಿಲ್ಲ. ಆಲೂಗೆಡ್ಡೆಯ ಎಲೆಯಂತೆ ಅಗಲವಾಗಿ, ಅಂಚು ನುಣುಪಾಗಿತ್ತು. ಹಣ್ಣು ಸಣ್ಣದು, ಸುಮಾರು 20 ಗ್ರಾಂ. ಆದರೆ ಬಲು ಸಿಹಿ. ಪಕ್ಕದಲ್ಲಿ ನಮ್ಮ ಕೆಂಪು ನಾಟಿ, 80 ಗ್ರಾಂ ತೂಗುವಂಥದು, ಸಾರಿಗೆ ಹೇಳಿಮಾಡಿಸಿದ ಹುಳಿ. ಹಳದಿಯನ್ನು ತಾಯಿ ಮಾಡಿ ನಾಟಿಯನ್ನು ತಂದೆ ಮಾಡಿದೆ.

ಮಾಡುವ ಕ್ರಮ ಹೀಗೆ. ನಾಳೆ ಅರಳಲಿರುವ ಮೊಗ್ಗನ್ನು ಆರಿಸಿಕೊಳ್ಳಿ. ಅದರ ದಳ ಇನ್ನೂ ಪೂರ್ತಿ ಹಳದಿಗೆ ತಿರುಗಿರಬಾರದು. ತಿರುಗಿದ್ದರೆ ತಡವಾಯಿತೆಂದೇ ತಿಳಿಯಿರಿ, ಹೂ ತನ್ನ ಕೆಲಸ ತಾನು ಮುಗಿಸಿಕೊಂಡಿರುತ್ತದೆ. ಸಣ್ಣ ಚಿಮಟದಿಂದ ಕೇಸರಗಳ ಶಂಖುವನ್ನು ಕಿತ್ತುಬಿಡಿ. ನಡುವಿನ ಹಸಿರು ಶಲಾಕೆ ಮಾತ್ರ ಉಳಿಯಲಿ. ಮರುದಿನ ತಂದೆ ಗಿಡದ ಅರಳಿದ ಹೂವನ್ನು ಒಂದು ಗಾಜಿನ ಚೂರಿನ ಮೇಲೆ ತಟ್ಟಿ, ಉದುರಿದ ಪರಾಗವನ್ನು ಶಲಾಕೆಯ ತುದಿಗೆ ಸೋಕಿಸಿ. ನಾನು ಬಳಸಿದ್ದು ನನ್ನ ಹಳೆಯ ಕನ್ನಡಕದ ಗಾಜನ್ನು. ಗುರುತಿಗೆ ದಾರ ಕಟ್ಟಬಹುದು, ಆದರೆ ದಾರ ಬಿದ್ದುಹೋಗುತ್ತದೆ. ಹೂವಿನ ಬುಡದ ಹಸಿರು ಪುಷ್ಪಪತ್ರಗಳ ತುದಿ ಕತ್ತರಿಸಿದರೆ ಆ ಗುರುತು ಹಣ್ಣಾಗುವವರೆಗೂ ಉಳಿಯುತ್ತದೆ.

ಆ ಹಣ್ಣು ಮಾಗಿದಾಗ ನನಗೆ ನಿರಾಶೆಯಾಯಿತು. ಅದು ಕೆಂಪೂ ಅಲ್ಲ, ಕಿತ್ತಳೆಯೂ ಅಲ್ಲ. ಉಳಿದ ಹಣ್ಣುಗಳಂತೆಯೇ ಹಳದಿ. ಕೆಲಸ ಕೆಟ್ಟಿತೆಂದು ಎಸೆಯುವವನಿದ್ದೆ. ನೀವು ಹಾಗೆ ಮಾಡಬೇಡಿ. ಹಣ್ಣಿನ ತಿರುಳು ತಾಯಿಯ ಮೈ. ಅದರೊಳಗಿನ ಬೀಜ ಮಾತ್ರ ಮಗು. ತಂದೆಯ ಗುಣ ಕಾಣಬೇಕಾದರೆ ಬೀಜ ಮೊಳೆಯಬೇಕು. ಸಸಿಮಡಿಯಲ್ಲಿ ನಾಲ್ಕು ಎಲೆ ಬಿಟ್ಟಾಗ ನೋಡಿದೆ, ಎಲ್ಲ ಸಸಿಯ ಎಲೆಯೂ ಅಂಚು ಹರಿದದ್ದು, ತಂದೆಯದು! ಆಲೂಗೆಡ್ಡೆ ಎಲೆಯ ಗಿಡವನ್ನು ತಾಯಿ ಮಾಡುವುದರಲ್ಲಿ ಈ ಒಂದು ಅನುಕೂಲವುಂಟು. ಕೂಡಿಕೆ ಫಲಿಸಿದೆಯೋ, ತಾಯಿಹೂವು ತನ್ನ ಪರಾಗವನ್ನೇ ತೆಗೆದುಕೊಂಡು ನಮ್ಮನ್ನು ಏಮಾರಿಸಿದೆಯೋ ಎಂಬುದು ಸಸಿಯಲ್ಲೇ ತಿಳಿಯುತ್ತದೆ.

ಆ ಮೊದಲ ತಲೆಮಾರು ಅಚ್ಚಿನಲ್ಲಿ ಹೊಯ್ದಂತೆ ಒಂದೇ ಸಮನಾಗಿತ್ತು. ಹಣ್ಣೆಲ್ಲ ಕೆಂಪು; ತೂಕ 40 ಗ್ರಾಂ ಆಸುಪಾಸು. 20ನ್ನೂ 80ನ್ನೂ ಕೂಡಿ ಅರ್ಧ ಮಾಡಿದರೆ 50 ಆಗಬೇಕಲ್ಲ ಎಂದು ನಮ್ಮ ಗಣಿತದ ಮೇಷ್ಟ್ರನ್ನು ಕೇಳಿದೆ. ಅವರು, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸರಿಯಾಗಿ 40 ಬರುತ್ತದೆ ಎಂದರು. ಟೊಮೇಟೊವಿನ ಗಾತ್ರ ಸಾಮಾನ್ಯವಾಗಿ ನಡೆಯುವುದು ಈ ಎರಡನೆಯ ಲೆಕ್ಕದಂತೆ. ಮಗು ಚಿಕ್ಕ ಹಣ್ಣಿನ ಕಡೆಗೇ ವಾಲುತ್ತದೆ. ರುಚಿಯನ್ನು ಮನೆಯವರೂ ನೆರೆಯವರೂ ಹೊಗಳಿದರು. ನನಗೆ ತಲೆ ತಿರುಗಿತು.

ನಮ್ಮದು ತುಮಕೂರು ಕಡೆಯ ಒಂದು ಹೋಬಳಿ. ನನ್ನ ಶಿಷ್ಯನೊಬ್ಬನ ತಂದೆ, ಒಂದು ಕೊಳವೆಬಾವಿಯ ನೀರಿನಲ್ಲಿ ತರಕಾರಿ ಬೆಳೆಯುವವರು, ಹಣ್ಣು ತಿಂದು ನೋಡಿ ಬೀಜ ಕೇಳಿದರು. “ಕಂಪನಿ ಬೀಜ ಎರಡನೇ ಸಲಕ್ಕೆ ಕೆಡ್ತದೆ ಅಂತಾರೆ ಮೇಷ್ಟ್ರೆ. ಇದು ನಿಮ್ಮ ಮನೇದೇ ತಾನೆ?” ಎಂದರು. “ಮನೆಯದೇ, ಧೈರ್ಯವಾಗಿ ಹಾಕಿ” ಎಂದೆ. ಅವರು ಹತ್ತು ಗುಂಟೆಗೆ ಸುಮಾರು 2,000 ಸಸಿ ನೆಟ್ಟರು. ನೆಡುವ ಮೊದಲೇ ಒಮ್ಮೆ ಬಂದು, ಮಡಿಯಲ್ಲಿ ನಾಲ್ಕರಲ್ಲೊಂದು ಆಲೂಗೆಡ್ಡೆ ಸಸಿ ಬೆರೆತಂತಿದೆಯಲ್ಲ ಎಂದು ಕೇಳಿದ್ದರು. ಕೆಲವು ಹಾಗಿರುತ್ತವೆ ಎಂದು ತೇಲಿಸಿ ಮಾತಾಡಿದೆ. ಗಿಡ ತಾನೇ ಮುನ್ಸೂಚನೆ ಕೊಟ್ಟಿತ್ತು, ಓದಲಾರದವನು ನಾನು.

ಹಣ್ಣು ಬಂದಾಗ ಮುಕ್ಕಾಲು ಪಾಲು ಕೆಂಪು, ಕಾಲು ಪಾಲು ಹಳದಿ. ಗಾತ್ರವೋ, ಗೋಲಿಯಷ್ಟರಿಂದ ಹಿಡಿದು ನಿಂಬೆಯಷ್ಟರವರೆಗೆ. ಒಂದು ಗಿಡ ಸಿಹಿ, ಮಗ್ಗುಲಿನದು ಸಪ್ಪೆ. ಮಂಡಿಯಲ್ಲಿ ಇಂಥ ಬೆರಕೆ ಕ್ರೇಟಿಗೆ ಬೆಲೆ ಕಟ್ಟುವವರು ಯಾರು? ಗೊಬ್ಬರ, ಕೂಲಿ, ಸಾಗಾಣಿಕೆಯ ಖರ್ಚೂ ಹುಟ್ಟಲಿಲ್ಲ. ನಾನು ಹಣ ಕೊಡಹೋದೆ; ಅವರು ಮುಟ್ಟಲಿಲ್ಲ. “ನೀವು ಒಂದು ಸಲ ಹಾಕಿ ನೋಡಿ, ಆಮೇಲೆ ನನಗೆ ಕೊಡಬಹುದಿತ್ತಲ್ಲ ಮೇಷ್ಟ್ರೆ” ಎಂದಷ್ಟೇ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೀಜ ಕಂಪನಿಯದಾದರೇನು, ಮನೆಯದಾದರೇನು, ಸಂಕರದ ನಿಯಮ ಒಂದೇ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಆ ನಿಯಮವನ್ನು ನನಗೆ ಒಗ್ಗುವ ರೀತಿಯಲ್ಲಿ ಹೇಳುತ್ತೇನೆ. ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿದರೆ ‘ಊರಲ್ಲಿ’ ಆಗುತ್ತದೆ; ನಡುವಿನ ಉಕಾರ ಕಾಣದಾಗುತ್ತದೆ. ಇದು ಲೋಪಸಂಧಿ. ಲೋಪವಾಯಿತೆಂದರೆ ನಾಶವಾಯಿತೆಂದಲ್ಲ, ಬಿಡಿಸಿ ಬರೆದರೆ ಉಕಾರ ಮರಳಿ ಬರುತ್ತದೆ. ಮೊದಲ ತಲೆಮಾರಿನಲ್ಲಿ ಹಳದಿ ಬಣ್ಣಕ್ಕೆ ಆದದ್ದು ಇದೇ ಲೋಪ. ಪ್ರತಿ ಗಿಡದಲ್ಲೂ ಒಂದೊಂದು ಗುಣಕ್ಕೆ ಎರಡು ಪ್ರತಿಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ಕೆಂಪಿನ ಪ್ರತಿಯನ್ನು ‘ಕೆ’ ಎನ್ನೋಣ, ಹಳದಿಯದನ್ನು ‘ಹ’ ಎನ್ನೋಣ. ಸಂಕರದ ಗಿಡ ‘ಕೆಹ’. ಕೆಂಪು ಪ್ರಬಲವಾದ್ದರಿಂದ ಹಣ್ಣು ಕೆಂಪು. ಆದರೆ ಅದರ ಪರಾಗದ ಒಂದೊಂದು ಕಣಕ್ಕೂ, ಅಂಡದ ಒಂದೊಂದಕ್ಕೂ ಎರಡರಲ್ಲಿ ಒಂದೇ ಪ್ರತಿ ಹೋಗುತ್ತದೆ. ಅವು ಕೂಡುವಾಗ ಕೆಕೆ, ಕೆಹ, ಹಕೆ, ಹಹ ಎಂದು ನಾಲ್ಕು ಬಗೆ. ಮೂರು ಕೆಂಪು, ಒಂದು ಹಳದಿ. ವ್ಯಾಕರಣಕ್ಕೂ ಗಿಡಕ್ಕೂ ಇಲ್ಲಿ ಭೇದವುಂಟು. ಸಂಧಿ ಬಿಡಿಸಿದರೆ ಪ್ರತಿ ಸಲವೂ ಲೋಪವಾದದ್ದು ಸಿಕ್ಕುತ್ತದೆ. ಗಿಡದಲ್ಲಿ ನಾಲ್ಕಕ್ಕೊಂದರಲ್ಲಿ ಮಾತ್ರ.

ಇದನ್ನು ಕಂಡುಹಿಡಿದವನು ಗ್ರೆಗೊರ್ ಮೆಂಡೆಲ್ ಎಂಬ ಮಠದ ಸಂನ್ಯಾಸಿ. ಬಟಾಣಿಯ ಮೇಲೆ ಪ್ರಯೋಗ ಮಾಡಿ 1865ರಲ್ಲಿ ಉಪನ್ಯಾಸ ಕೊಟ್ಟ. ಮರುವರ್ಷ ಅದು ಅಚ್ಚಾಯಿತು. 1900ರವರೆಗೆ ಅದಕ್ಕೆ ಬೆಲೆ ಕೊಟ್ಟವರು ವಿರಳ. ಅವನ ಎರಡನೆಯ ತಲೆಮಾರಿನಲ್ಲಿ 5,474 ಕಾಳು ಗುಂಡು, 1,850 ಸುಕ್ಕು. ಭಾಗಿಸಿ ನೋಡಿ, ಸರಿಸುಮಾರು ಮೂರಕ್ಕೊಂದು. ಅವನ ಹಿರಿಮೆ ಎಣಿಸಿದ್ದರಲ್ಲಿದೆ.

ನಾನೂ ಎಣಿಸಿದೆ. ಅದೇ ಬೀಜದ 60 ಸಸಿಯನ್ನು ಹಿತ್ತಿಲಿನಲ್ಲಿ, ತಾರಸಿಯ ಮೇಲೆ ಹಳೆಯ ಸಿಮೆಂಟ್ ಚೀಲಗಳಲ್ಲಿ ಬೆಳೆಸಿದೆ. ಎಲೆಯ ಗುಣ ಬೇರೆ, ಬಣ್ಣದ ಗುಣ ಬೇರೆ. ಒಂದನ್ನೊಂದು ಎಳೆದುಕೊಂಡು ಹೋಗುವುದಿಲ್ಲ. ಹದಿನಾರು ಪಾಲಿನಲ್ಲಿ ಒಂಬತ್ತು, ಮೂರು, ಮೂರು, ಒಂದು ಎಂಬುದು ನಿರೀಕ್ಷೆ. ನನಗೆ ಸಿಕ್ಕಿದ್ದು: ಹರಿದ ಎಲೆಯ ಕೆಂಪು 35, ಹರಿದ ಎಲೆಯ ಹಳದಿ 10, ಆಲೂಗೆಡ್ಡೆ ಎಲೆಯ ಕೆಂಪು 12, ಆಲೂಗೆಡ್ಡೆ ಎಲೆಯ ಹಳದಿ 3. ನಡುವಿನ ಎರಡು ಬಗೆ ತಾಯಿಯಲ್ಲೂ ಇರಲಿಲ್ಲ, ತಂದೆಯಲ್ಲೂ ಇರಲಿಲ್ಲ. ಗಾತ್ರ ಮಾತ್ರ ಹೀಗೆ ಡಬ್ಬಿಗಳಲ್ಲಿ ಕೂರುವುದಿಲ್ಲ. ಅದಕ್ಕೆ ಹಲವು ವಂಶವಾಹಿಗಳು ಕೈಗೂಡಿಸುವುದರಿಂದ ಸಣ್ಣದರಿಂದ ದೊಡ್ಡದರವರೆಗೆ ಮೆಟ್ಟಿಲಿಲ್ಲದ ಇಳಿಜಾರು.

ಹಾಗಾದರೆ ಎಷ್ಟು ಗಿಡ ಬೇಕು? ನಾಲ್ಕಕ್ಕೊಂದು ಬರುವ ಗುಣವನ್ನು ನೂರಕ್ಕೆ 95ರ ಭರವಸೆಯಿಂದ ಒಮ್ಮೆಯಾದರೂ ಕಾಣಬೇಕಾದರೆ 11 ಗಿಡ ಸಾಕು. ಹದಿನಾರಕ್ಕೊಂದಾದರೆ 47. ಮೂರು ಗುಣ ಕೂಡಿ ಅರವತ್ತನಾಲ್ಕಕ್ಕೊಂದಾದರೆ 191. ಎರಡು ಕುಂಡದಲ್ಲಿ ಎರಡನೆಯ ತಲೆಮಾರನ್ನು ಬೆಳೆಸಿ, ನನ್ನ ಸಂಕರ ಹೀಗಿದೆ ಎಂದು ತೀರ್ಪು ಕೊಡುವವರನ್ನು ಕಂಡಿದ್ದೇನೆ. ಮೂವತ್ತು ಜನ ಇರುವ ಮನೆಯಲ್ಲಿ ಇಬ್ಬರನ್ನು ನೋಡಿ ವಂಶದ ಮೂಗು ಹೇಗೆಂದು ಹೇಳಿದಂತೆ. ಸ್ಥಳ ಸಾಲದಿದ್ದರೆ ಸಸಿಯಲ್ಲೇ ಕಾಣುವ ಎಲೆಯಂಥ ಗುಣವನ್ನು ನೋಡಿ ಬೇಡದ್ದನ್ನು ಮಡಿಯಲ್ಲೇ ಕಿತ್ತುಹಾಕಬಹುದು.

ಇನ್ನೊಂದು ಎಚ್ಚರಿಕೆ. ಕಾಣುವ ವ್ಯತ್ಯಾಸವೆಲ್ಲ ವಂಶದ್ದಲ್ಲ. ನೀರು ಹೆಚ್ಚಾದ ಗಿಡದ ಹಣ್ಣು ಸಪ್ಪೆ, ನೆರಳಿನಲ್ಲಿರುವುದು ಬಡಕಲು. ಡೆನ್ಮಾರ್ಕಿನ ಯೋಹಾನ್ಸನ್ 1903ರಲ್ಲಿ ಹುರುಳಿಕಾಯಿಯ ಒಂದೇ ಶುದ್ಧ ವಂಶದೊಳಗೆ ದಪ್ಪ ಕಾಳನ್ನೇ ಆರಿಸಿ ಬಿತ್ತಿದರೂ ಮುಂದಿನ ಪೀಳಿಗೆ ದಪ್ಪವಾಗಲಿಲ್ಲವೆಂದು ತೋರಿಸಿದ. ಆದ್ದರಿಂದ ಎಲ್ಲಕ್ಕೂ ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ಅಳತೆಯ ನೀರು ಕೊಟ್ಟು ನೋಡಿ.

ಆ ರೈತರ ವಿಷಯಕ್ಕೆ ಬರೋಣ. ಹಾಳಾದ ಆ ಹೊಲದಲ್ಲಿ ಅವರು ಒಂದು ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ಅಗಲ ಎಲೆ, ಗಟ್ಟಿ ಹಣ್ಣು, ಕೆಂಪು. ಎಲೆಯ ಮರೆಯಿದ್ದುದರಿಂದ ಬಿಸಿಲಿಗೆ ಸುಟ್ಟಿರಲಿಲ್ಲ. ಎರಡು ಸಾವಿರ ಗಿಡದ ನಡುವೆ ನಡೆದಾಡಿದವರಿಗೆ ಮಾತ್ರ ಸಿಕ್ಕುವ ಗಿಡ ಅದು. ಅದರ ಹಣ್ಣನ್ನು ತಂದು ನನ್ನ ಮುಂದಿಟ್ಟು, “ಇದು ನಿಲ್ತದಾ ನೋಡಿ” ಎಂದರು.

ಅದರ 30 ಮಕ್ಕಳನ್ನು ಬೆಳೆಸಿದೆವು. ಎಲೆ ಎಲ್ಲದರದ್ದೂ ಅಗಲ. ಲೋಪವಾಗಿದ್ದ ಗುಣ ಒಮ್ಮೆ ಹೊರಬಂತೆಂದರೆ ಎರಡೂ ಪ್ರತಿ ಅದರದೇ, ಮತ್ತೆ ಒಡೆಯುವುದಿಲ್ಲ. ಬಣ್ಣದಲ್ಲಿ ಮಾತ್ರ ಎಂಟು ಹಳದಿ. ಎಂದರೆ ಬಟ್ಟೆ ಕಟ್ಟಿದ್ದ ಗಿಡ ‘ಕೆಹ’ ಆಗಿತ್ತು. ಕೆಂಪಿನವುಗಳಲ್ಲಿ ಆರು ಗಿಡದ ಬೀಜವನ್ನು ಬೇರೆಬೇರೆ ಪೊಟ್ಟಣದಲ್ಲಿಟ್ಟು, ಒಂದೊಂದರಿಂದ 12 ಸಸಿ ಬೆಳೆಸಿದೆವು. ನಾಲ್ಕು ಪೊಟ್ಟಣದಲ್ಲಿ ಹಳದಿ ಕಂಡಿತು, ಎರಡರಲ್ಲಿ ಕಾಣಲಿಲ್ಲ. ಆ ಎರಡನ್ನು ಉಳಿಸಿಕೊಂಡೆವು. ಎಲ್ಲ ಗಿಡದ ಬೀಜವನ್ನೂ ಒಂದೇ ಬಟ್ಟಲಿಗೆ ಸುರಿದಿದ್ದರೆ ಈ ತಿಳಿವಳಿಕೆ ಸಿಕ್ಕುತ್ತಿರಲಿಲ್ಲ.

ಮುಂದಿನದು ತಾಳ್ಮೆಯ ಕೆಲಸ. ಬೆರಕೆ ಒಂದೊಂದು ತಲೆಮಾರಿಗೂ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ನೂರಕ್ಕೆ 50 ಇದ್ದದ್ದು ಮೂರನೆಯದರಲ್ಲಿ 25, ನಾಲ್ಕನೆಯದರಲ್ಲಿ ಹನ್ನೆರಡೂವರೆ, ಆರನೆಯದರಲ್ಲಿ ಮೂರು ಚಿಲ್ಲರೆ. ನಾವು ಆರನೆಯದನ್ನು ನೋಡಿ ಮುಗಿಸಿದ್ದೇವೆ. ಹಣ್ಣು ಈಗ 45 ಗ್ರಾಂ ಆಸುಪಾಸಿನಲ್ಲಿ ನಿಂತಿದೆ, ಸಿಹಿ ತಾಯಿಯಷ್ಟಿಲ್ಲ.

ಬೀಜವನ್ನು ಹಣ್ಣಿನ ಲೋಳೆಯೊಡನೆ ಎರಡು ದಿನ ಲೋಟದಲ್ಲಿ ಹುಳಿಯಬಿಟ್ಟು, ತೊಳೆದು, ತಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಿ. ಕಾಗದದ ಮೇಲೆ ಒಣಗಿಸಿದರೆ ಅಂಟಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಗಿಡದ ಸಂಖ್ಯೆ, ತಲೆಮಾರು, ತಾರೀಖು ಸೀಸದ ಕಡ್ಡಿಯಲ್ಲಿ ಬರೆಯಿರಿ; ಶಾಯಿ ಹರಡುತ್ತದೆ. ನಮ್ಮ ಪೊಟ್ಟಣಗಳು ಆ ರೈತರ ಮನೆಯ ತಗಡಿನ ಪೆಟ್ಟಿಗೆಯಲ್ಲಿವೆ. ಎರಡನೆಯ ತಲೆಮಾರಿನ ಹಳೆಯ ಪೊಟ್ಟಣದ ಮೇಲೆ ‘ಯಾರಿಗೂ ಕೊಡತಕ್ಕದ್ದಲ್ಲ’ ಎಂದಿದೆ. ಅಕ್ಷರ ನನ್ನದೇ, ಬರೆಯಿಸಿದವರು ಅವರು.