ಮೇಲೆ ಥಳಕು, ಕೆಳಗೆ ಟೊಳ್ಳು!

ಗೃಹಪ್ರವೇಶವಾಗಿ ವರ್ಷ ತುಂಬಿರುವುದಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ನಡುಮನೆಯಲ್ಲಿ ಪಟಾಕಿ ಹೊಡೆದಂಥ ಸದ್ದು. ಓಡಿ ಬಂದು ನೋಡಿದರೆ ಎರಡು ಸಾಲು ಟೈಲ್ಸ್ ಒಂದಕ್ಕೊಂದು ತಲೆ ಕೊಟ್ಟು ಗುಡಾರದಂತೆ ಎದ್ದು ನಿಂತಿರುತ್ತವೆ! ವಾಸ್ತು ದೋಷವೆಂದು ಶಾಸ್ತ್ರ ಕೇಳಲು ಹೊರಟವರೂ ಉಂಟು. ವಾಸ್ತುವಿನದಲ್ಲ ಸ್ವಾಮಿ, ಇದು ಸಿಮೆಂಟಿನ ದೋಷ.

ದಾವಣಗೆರೆಯಿರಲಿ, ಹರಿಹರವಿರಲಿ, ಹೊಸ ಬಡಾವಣೆಗಳಿಗೆ ಈ ಗೋಳು ಹೊಸದಲ್ಲ. ಅಂಗಡಿಯವರನ್ನು ಕೇಳಿದರೆ, "ಮಾಲು ಕಂಪನಿದು, ಹಾಕಿದವನ್ನ ಕೇಳ್ರಿ" ಎಂಬ ಉತ್ತರ. ಮೇಸ್ತ್ರಿಯನ್ನು ಕೇಳಿದರೆ, "ಟೈಲ್ಸೇ ಸೊಟ್ಟ ಇದ್ವು ಯಜಮಾನ್ರೆ, ನಾನೇನ್ ಮಾಡ್ಲಿ?" ಇಬ್ಬರ ನಡುವೆ ಸಾಲ ಮಾಡಿ ಮನೆ ಕಟ್ಟಿದವನು ಕಣ್ ಕಣ್ ಬಿಡಬೇಕು.

ಹಿಂದಿನ ಮನೆಗಳಲ್ಲಿ ಕಡಪ ಕಲ್ಲು, ಶಹಾಬಾದ್ ಕಲ್ಲು, ಇಲ್ಲವೇ ಕೆಂಪು ಗಾರೆಯ ನೆಲ. ಕಲ್ಲಿನ ಬೆನ್ನು ಒರಟು, ಗಾರೆಗೆ ಕಚ್ಚಿಕೊಳ್ಳುತ್ತಿತ್ತು. ಈಗ ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುವ ವಿಟ್ರಿಫೈಡ್ ಟೈಲ್ಸಿನ ಜಾತಿಯೇ ಬೇರೆ. ಅದು ನೀರು ಕುಡಿಯುವುದು ನೂರಕ್ಕೆ ಅರ್ಧ ಭಾಗವೂ ಇಲ್ಲ. ಕಲೆ ಹಿಡಿಯುವುದಿಲ್ಲ ಎಂಬುದು ನಿಜ, ಆದರೆ ಬರೀ ಸಿಮೆಂಟ್ ಹಾಲನ್ನೂ ಅದು ಸರಿಯಾಗಿ ಹಿಡಿಯುವುದಿಲ್ಲ. ಇಂಥದ್ದನ್ನು ಹಳೇ ಕಲ್ಲಿನ ಲೆಕ್ಕದಲ್ಲೇ ಕೂರಿಸುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಉಂಡೆ ಗಾರೆ ಇಟ್ಟು ಒತ್ತಿದರೆ ಮುಗಿಯಿತು. ಉಂಡೆಗಳ ಮಧ್ಯೆ ಇರುವುದು ಬರೀ ಗಾಳಿ.

ಸಾಲದ್ದಕ್ಕೆ ಯಜಮಾನರ ಹುಕುಂ: "ಸಂದು ಕಾಣ್‌ಬಾರ್ದು, ಕನ್ನಡಿ ಥರ ಇರ್ಬೇಕು." ಬಿಸಿಲಿಗೆ ಟೈಲ್ಸ್ ಹಿಗ್ಗುತ್ತದೆ, ಕೆಳಗಿನ ಕಾಂಕ್ರೀಟು ಒಣಗುತ್ತಾ ಕುಗ್ಗುತ್ತದೆ. ಪಕ್ಕಕ್ಕೆ ಸರಿಯಲು ಜಾಗವಿಲ್ಲದ ಮೇಲೆ ಅದು ಮೇಲಕ್ಕೇಳದೆ ಇನ್ನೇನು ಮಾಡೀತು?

ಮದ್ದು ಇಲ್ಲವೆಂದಲ್ಲ. ಟೈಲ್ಸಿಗೆಂದೇ ಅಂಟಿನ ಪುಡಿ ಚೀಲದಲ್ಲಿ ಸಿಗುತ್ತದೆ, ಐ.ಎಸ್. 15477 ಎಂದು ಇದೆಯೇ ನೋಡಿ ತರಬೇಕು. ಅದನ್ನು ಕಲಸಿ, ಹಲ್ಲಿರುವ ಕರಣೆಯಲ್ಲಿ ನೆಲದ ತುಂಬ ಗೀರು ಬೀಳುವಂತೆ ಎಳೆದು ಟೈಲ್ಸ್ ಕೂರಿಸಿದರೆ ಟೊಳ್ಳಿಗೆ ಆಸ್ಪದವಿಲ್ಲ. ಟೈಲ್ಸನ್ನು ತೊಟ್ಟಿಯಲ್ಲಿ ನೆನೆಹಾಕುವ ಶಾಸ್ತ್ರ ಇದಕ್ಕೆ ಬೇಕಿಲ್ಲ. ನಡುವೆ 2-3 ಮಿಲಿಮೀಟರ್ ಸಂದು, ಗೋಡೆಯಂಚಿಗೆ ಇನ್ನೂ ತುಸು ಹೆಚ್ಚು. ಸ್ಕರ್ಟಿಂಗ್ ಪಟ್ಟಿ ಬಂದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಂದು ತುಂಬುವ ಮೊದಲು ಒಂದು ನಾಣ್ಯ ಹಿಡಿದು ಪ್ರತಿ ಟೈಲ್ಸನ್ನೂ ತಟ್ಟಬೇಕು. ಡಬ್ ಡಬ್ ಎಂದರೆ ಅದನ್ನು ಕಿತ್ತು ಮತ್ತೆ ಹಾಕಿಸಬೇಕು. ಮೇಸ್ತ್ರಿಯ ಕೊನೇ ಕಂತು ಅಲ್ಲಿಯವರೆಗೆ ಜೇಬಿನಲ್ಲೇ ಇರಲಿ. ಹಾಗೆಂದು ಮೇಸ್ತ್ರಿಯನ್ನೇ ಬೈದು ಫಲವಿಲ್ಲ. ಅಡಿಗಿಷ್ಟೆಂದು ಚೌಕಾಶಿ ಮಾಡಿ ಹಿಂಡಿದ ಮೇಲೆ, ದಿನಕ್ಕೆ ಹೆಚ್ಚು ಅಡಿ ಮುಗಿಸಿದರೇ ಅವನ ಒಲೆ ಉರಿಯುವುದು.

ಪೆಟ್ಟಿಗೆಯ ಲೆಕ್ಕವೂ ಸ್ವಲ್ಪ ನೋಡಬೇಕು. "ಎರಡಡಿ ಟೈಲ್ಸು, ನಾಲ್ಕು ಪೀಸು, ಹದಿನಾರಡಿ" ಎನ್ನುವುದು ಬಾಯಿಲೆಕ್ಕ. ನಿಜ ಅಳತೆ 600 ಮಿಲಿಮೀಟರ್, ಅಂದರೆ ಎರಡಡಿಗೆ ಸ್ವಲ್ಪ ಕಮ್ಮಿ. ಪೆಟ್ಟಿಗೆಗೆ ಬರುವುದು ಹದಿನೈದೂವರೆ ಚದರಡಿ. ಸಾವಿರ ಚದರಡಿಯ ಮನೆಗೆ 63 ಪೆಟ್ಟಿಗೆ ಸಾಕೆಂದುಕೊಂಡವರಿಗೆ 65 ಬೇಕು. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಐದಾದರೂ ಬೇರೆ. ಕಮ್ಮಿ ಬಿತ್ತೆಂದು ಆಮೇಲೆ ತಂದರೆ ಬ್ಯಾಚ್ ನಂಬರ್ ಬೇರೆಯಾಗಿ ಬಣ್ಣ ಕೂಡುವುದಿಲ್ಲ.

ಬಚ್ಚಲಿಗೂ ನಡುಮನೆಯ ನುಣುಪು ಟೈಲ್ಸನ್ನೇ ಹಾಕಿಸುವವರಿಗೆ ಏನು ಹೇಳೋಣ? ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದರೆ ಸೊಂಟದ ಮೂಳೆಯ ಗತಿ ಅಧೋಗತಿ. ಅಲ್ಲಿಗೆ ಒರಟು ಮೈಯ ಟೈಲ್ಸೇ ಬೇಕು, ಮೋರಿಯ ಕಡೆಗೆ ಅಡಿಗೆ ಕಾಲಿಂಚು ಇಳಿಜಾರೂ ಬೇಕು.

ಇಷ್ಟಾದ ಮೇಲೂ ನೆಲ ಎದ್ದರೆ, ಅಂಗಡಿಯವರೂ ಗುತ್ತಿಗೆದಾರರೂ ಕೈ ತೊಳೆದುಕೊಂಡರೆ, ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯಂತೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಬಿಲ್ಲು ಬೇಕು, ಮೇಸ್ತ್ರಿಗೆ ಕೊಟ್ಟ ದುಡ್ಡಿಗೆ ರುಜು ಬೇಕು. ತೆರಿಗೆ ಉಳಿಸಲೆಂದು ಬಿಳಿ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಸಿಕೊಂಡು ಬಂದ ಲೆಕ್ಕ ಅಲ್ಲಿ ನಿಲ್ಲುವುದು ಕಷ್ಟ.