ದಿನಕ್ಕೆ ಆರೇ ಬಾತು!

 

ಚಳಿಗಾಲಕ್ಕೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವನ್ನು ಹೊಡೆಯುವುದು ಅಪರಾಧ. ಆದರೆ ಅಮೆರಿಕದಲ್ಲಿ ವಲಸೆ ಬಾತುಗಳ ಬೇಟೆಗೆ ಸರ್ಕಾರವೇ ಪ್ರತಿವರ್ಷ ದಿನ ಗೊತ್ತುಮಾಡುತ್ತದೆ! ಹೆಂಗ ಗೊತ್ತುಮಾಡ್ತಾರ ಅಂತ ಓದಿ ತಿಳಿದದ್ದನ್ನು ಬರೆದಿದ್ದೇನೆ.

ಅಲ್ಲಿಯ ಎಷ್ಟೋ ಬಾತುಗಳು ಕೆನಡಾದಲ್ಲಿ ಮರಿ ಮಾಡಿ, ಚಳಿಗೆ ಅಮೆರಿಕಕ್ಕೆ ಇಳಿಯುತ್ತವೆ. ‘ನಮ್ಮೂರಿಗೆ ಬಂದದ್ದು ನಮ್ದು’ ಅಂತ ಎಲ್ಲರೂ ಹೊಡೆದರೆ ಮುಗೀತು. ಅದಕ್ಕೇ 1916ರಲ್ಲಿ ಅಮೆರಿಕ ಮತ್ತು ಕೆನಡಾದ ಪರವಾಗಿ ಬ್ರಿಟನ್ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಬೇಟೆಯ ಕಾಲ ಸೆಪ್ಟೆಂಬರ್ 1ರಿಂದ ಮಾರ್ಚ್ 10ರ ಒಳಗಿರಬೇಕು, ಮೂರೂವರೆ ತಿಂಗಳು ಮೀರಬಾರದು.

ನನಗೆ ಬಹಳ ಸೇರಿದ್ದು ಅವರ ಎಣಿಕೆ. 1955ರಿಂದ ಪ್ರತಿ ಮೇ ತಿಂಗಳು ಸಣ್ಣ ವಿಮಾನದಲ್ಲಿ ತಗ್ಗಿನಲ್ಲಿ ಹಾರುತ್ತಾ ಬಾತುಗಳನ್ನು ಎಣಿಸುತ್ತಾರೆ. (2020, 2021ರಲ್ಲಿ ಮಾತ್ರ ಕೊರೋನಾದಿಂದ ನಿಂತಿತ್ತು.) ಬರೀ ಬಾತಲ್ಲ, ಹುಲ್ಲುಗಾವಲಿನ ನೀರಿನ ಹೊಂಡಗಳನ್ನೂ ಎಣಿಸ್ತಾರ! ಯಾಕಂದ್ರ ಹೊಂಡ ತುಂಬಿದ್ದರೆ ಮರಿ ಹೆಚ್ಚು, ಬತ್ತಿದರೆ ಕಡಿಮೆ. ಮೇಲಿಂದ ಕಣ್ಣಿಗೆ ಬೀಳದ ಹಕ್ಕಿಗಳಿಗಾಗಿ ಕೆಲವು ಕಡೆ ನೆಲದ ಮೇಲೂ ಎಣಿಸಿ ಲೆಕ್ಕ ಸರಿಮಾಡುತ್ತಾರೆ. ಇಷ್ಟೇ ಅಲ್ಲ, ಕೆಲವು ಬೇಟೆಗಾರರಿಂದ ಹೊಡೆದ ಬಾತಿನ ಒಂದು ರೆಕ್ಕೆಯನ್ನು ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ. ಅದನ್ನು ನೋಡಿ ಯಾವ ಜಾತಿ, ಗಂಡೋ ಹೆಣ್ಣೋ, ಆ ವರ್ಷದ ಮರಿಯೋ ದೊಡ್ಡದೋ ಅಂತ ಹೇಳುತ್ತಾರೆ. ಅಂಚೆಯಣ್ಣನ ಚೀಲದಾಗ ರೆಕ್ಕೆ!

ಈ ಲೆಕ್ಕ ಮುಂದಿಟ್ಟುಕೊಂಡು ಕೇಂದ್ರದ ವನ್ಯಜೀವಿ ಇಲಾಖೆಯವರು ನಾಲ್ಕರಲ್ಲಿ ಒಂದನ್ನು ಆರಿಸುತ್ತಾರೆ: ಧಾರಾಳ, ಮಧ್ಯಮ, ಬಿಗಿ, ಇಲ್ಲವೇ ಪೂರ್ತಿ ಬಂದ್. ಯಾವ ಲೆಕ್ಕಕ್ಕೆ ಯಾವುದು ಎಂಬ ಸೂತ್ರ 1995ರಿಂದ ಮೊದಲೇ ಕಟ್ಟಿಟ್ಟದ್ದು. ಹಕ್ಕಿಗಳು ಹಾರುವ ನಾಲ್ಕು ದಾರಿಗಳಿಗೂ ಬೇರೆ ಬೇರೆ ಮಿತಿ. ಮಿಸಿಸಿಪ್ಪಿ ದಾರಿಯಲ್ಲಿ ಧಾರಾಳ ಅಂದ್ರ 60 ದಿನ, ಒಬ್ಬರಿಗೆ ದಿನಕ್ಕೆ 6 ಬಾತು. ಅದರಲ್ಲೂ ಮಲ್ಲಾರ್ಡ್ ಎಂಬ ಜಾತಿಯವು 4 ಮಾತ್ರ, ಆ ನಾಲ್ಕರಲ್ಲಿ ಹೆಣ್ಣು 2 ಮೀರುವಂತಿಲ್ಲ. ಹೆಣ್ಣು ಹೋದರೆ ಮುಂದಿನ ಮರಿಗಳೂ ಹೋದ ಹಾಗೆ ತಾನೆ? ರಾಜ್ಯಗಳು ಇದಕ್ಕಿಂತ ಕಡಿಮೆ ಮಾಡಬಹುದು, ಹೆಚ್ಚು ಮಾಡುವಂತಿಲ್ಲ.

ನಮ್ಮಲ್ಲೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲು ಲೈಸೆನ್ಸ್ ಬೇಟೆ ಇತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ನನಗೆ ನಮ್ಮ ಕಾಯ್ದೆಯೇ ಸರಿ ಅನಿಸುತ್ತದೆ. ಆದರೆ ಹೊಡೆಯುವವರು ಅಷ್ಟು ಎಣಿಸುವಾಗ, ಕಾಯುವ ನಾವು ಎಷ್ಟು ಎಣಿಸಿದ್ದೇವೆ? ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಮ್ಮ ದೇಶದಲ್ಲೂ ನಡೆಯುತ್ತದೆ. ಈ ಸಲ ನಾವೂ ಕೆರೆದಂಡೆಗೆ ಹೋಗೋಣ. ಬರೋರು ವಿಜ್ಞಾನದ ಗುರುಗಳ ಹತ್ರ ಹೆಸರು ಕೊಡ್ರಿ.