35ಕ್ಕೆ ಮೊದಲ ಪ್ಲೇಟು ಕಂಡ ಹಾಡುಗಾರ!

ಹೋದ ವಾರ ಅಂಚೆಯಲ್ಲಿ ಒಂದು ಕಾಗದ ಬಂತು. ಬರೆದವನು ದಾವಣಗೆರೆ ಕಡೆಯ ಹುಡುಗ. ಹಗಲು ಗೋಡೌನ್‌ನಲ್ಲಿ ಲೆಕ್ಕ ಬರೆಯುತ್ತಾನೆ. ಗಣೇಶನ ಹಬ್ಬ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ. 'ಸಾರ್, ನನಗೆ 27 ತುಂಬ್ತು. ಮೈಕು ಹಿಡಿದಿದ್ದು ಸಾಕು ಅಂತಾರೆ ಮನೇಲಿ. ಬಿಟ್ಬಿಡ್ಲಾ?'

ಉತ್ತರ ಬರೆಯೋ ಯೋಗ್ಯತೆ ನನಗಿದೆಯೋ ಇಲ್ಲವೋ! ಯಾಕೆಂದರೆ ಇದೇ ಪ್ರಶ್ನೆಗೆ 26ನೇ ವಯಸ್ಸಿನಲ್ಲಿ ನಾನು 'ಹೂಂ' ಅಂದುಬಿಟ್ಟವನು. ಹಾಡೋದು ಬಿಟ್ಟೆ, ಹಾಡುವವರ ಬಗ್ಗೆ ಬರೆಯಲು ಕೂತೆ. ಆದ್ದರಿಂದ ಈ ವಾರ ಬುದ್ಧಿವಾದ ಬೇಡ, ಕತೆ ಹೇಳ್ತೀನಿ. ಅಮೆರಿಕದ ಕತೆ. ಕಥಾನಾಯಕ ಅಲ್ ಜರೋ!

'ಯಾರಪ್ಪಾ ಈತ?' ಅಂದಿರಾ? ಬ್ರೂಸ್ ವಿಲ್ಲಿಸ್ ಗೊತ್ತಲ್ಲ... 1988ರ 'ಡೈ ಹಾರ್ಡ್' ಚಿತ್ರದಲ್ಲಿ ಬರಿಗಾಲಲ್ಲಿ ಹೋರಾಡಿದ ಗಂಡುಗಲಿ! ಆತ ಮೊದಲು ಮನೆಮಾತಾದದ್ದು 1985ರಲ್ಲಿ ಶುರುವಾದ 'ಮೂನ್‌ಲೈಟಿಂಗ್' ಎಂಬ ಟೀವಿ ಧಾರಾವಾಹಿಯಿಂದ. ಅದರ ಶೀರ್ಷಿಕೆ ಗೀತೆಗೆ ಲೀ ಹೋಲ್ಡ್ರಿಜ್ ಸಂಗೀತ. ಸಾಹಿತ್ಯ ಬರೆದು ಹಾಡಿದವನು ಜರೋ. ಮೂನ್‌ಲೈಟಿಂಗ್ ಅಂದರೆ ಬರೀ ಬೆಳದಿಂಗಳು ಅಂದುಕೊಳ್ಳಬೇಡಿ. ಹಗಲು ಒಂದು ನೌಕರಿ, ರಾತ್ರಿ ಇನ್ನೊಂದು ದುಡಿಮೆ ಅಂತಲೂ ಅರ್ಥ. ಆ ಹಾಡಿಗೆ ಜರೋಗಿಂತ ತಕ್ಕ ಕಂಠ ಇನ್ಯಾವುದಿತ್ತು ಹೇಳಿ! ಯಾಕೆ ಅಂತೀರಾ? ಮುಂದೆ ಓದಿ.

ಪಾದ್ರಿಯ ಮಗ, ಎರಡು ಪದವಿ

1940ರ ಮಾರ್ಚ್ 12ರಂದು ಮಿಲ್ವಾಕಿ ಎಂಬ ಊರಲ್ಲಿ ಹುಟ್ಟಿದ. ಅಪ್ಪ ಚರ್ಚಿನ ಪಾದ್ರಿ, ಅಮ್ಮ ಅಲ್ಲೇ ಪಿಯಾನೋ ನುಡಿಸುವಾಕೆ. ಆರು ಮಕ್ಕಳಲ್ಲಿ ಈತ ಐದನೆಯವನು. ಮಾತು ಕಲಿತ ಹಾಗೇ ಹಾಡೂ ಕಲಿತ ಅನ್ನಿ. ಆದರೆ ಓದು ಬಿಡಲಿಲ್ಲ. 1962ರಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ. 1964ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೌಕರಿ. ಅಂಗವಿಕಲರಿಗೆ ಸಲಹೆ ಕೊಟ್ಟು, ಧೈರ್ಯ ಹೇಳಿ, ಮತ್ತೆ ದುಡಿಮೆಗೆ ಹಚ್ಚುವ ಒಳ್ಳೆಯ ಕೆಲಸ.

ಸಂಜೆಯಾಯಿತೋ, ಸವಾರಿ ಹಾಫ್ ನೋಟ್ ಎಂಬ ಕ್ಲಬ್ಬಿನ ಕಡೆಗೆ! ಅಲ್ಲಿ ಪಿಯಾನೋ ಮುಂದೆ ಜಾರ್ಜ್ ಡ್ಯೂಕ್ ಎಂಬ ತರುಣ. ಮುಂದೆ ಅವನೂ ದೊಡ್ಡ ಹೆಸರು ಮಾಡಿದ. ಆತನ ತಂಡದ ಜೊತೆ ಜರೋ ಹಾಡುತ್ತಿದ್ದ. ಬೆಳಗಾದರೆ ಮತ್ತೆ ಫೈಲು, ಮತ್ತೆ ಆಫೀಸು.

1968ರಲ್ಲಿ, 28ನೇ ವಯಸ್ಸಿನಲ್ಲಿ, ನೌಕರಿಗೆ ಶರಣು ಹೊಡೆದು ಪೂರ್ತಿ ಹಾಡಿಗೇ ಇಳಿದ. ಸರಿ, ಮಾರನೇ ದಿನವೇ ಕೀರ್ತಿ ಬಂತಾ? ಎಲ್ಲಿ ಬಂತು! ಏಳು ವರ್ಷ ಕ್ಲಬ್ಬಿಂದ ಕ್ಲಬ್ಬಿಗೆ ಅಲೆದಾಟ. ಕೊನೆಗೆ ಲಾಸ್ ಏಂಜಲೀಸಿನ ಟ್ರೂಬಡೋರ್ ಕ್ಲಬ್ಬಿನಲ್ಲಿ ವಾರ್ನರ್ ಬ್ರದರ್ಸ್ ಕಂಪನಿಯವರ ಕಣ್ಣಿಗೆ ಬಿದ್ದ. 1975ರಲ್ಲಿ ಮೊದಲ ಪ್ಲೇಟು 'ವಿ ಗಾಟ್ ಬೈ' ಬಂತು. ಹಾಡುಗಳೆಲ್ಲ ಸ್ವಂತದ್ದೇ. ಆಗ ವಯಸ್ಸು 35!

ಗಂಟಲೊಳಗೇ ಆರ್ಕೆಸ್ಟ್ರಾ

ಆ ಅಲೆದಾಟ ದಂಡವಾಗಲಿಲ್ಲ ಮಿತ್ರರೇ. ಕ್ಲಬ್ಬಿನ ದಿನಗಳಲ್ಲಿ ಹುಲಿಯೋ ಮಾರ್ಟಿನೆಜ್ ಎಂಬ ಗಿಟಾರ್ ವಾದಕನ ಜೊತೆ ಜೋಡಿ ಕಟ್ಟಿದ್ದ. ಒಂದು ಗಿಟಾರು, ಒಂದು ಕಂಠ, ಅಷ್ಟೇ. ಡ್ರಮ್ ಇಲ್ಲ, ಕೊಳಲಿಲ್ಲ. ಇಲ್ಲದ್ದನ್ನೆಲ್ಲ ಬಾಯಲ್ಲೇ ತುಂಬಬೇಕು! ತುಟಿಯಲ್ಲಿ ಡ್ರಮ್ಮು, ಗಂಟಲಲ್ಲಿ ಬೇಸ್ ಗಿಟಾರು, ನಡುವೆ ಪ್ರೀತಿಯ ಮಾತು. ನಮ್ಮ ಕೊನ್ನಕೋಲು ಕೇಳಿದವರಿಗೆ ಇದರ ರುಚಿ ಥಟ್ಟನೆ ಹತ್ತುತ್ತೆ. ಐದು ಎಣಿಕೆಯ 'ಟೇಕ್ ಫೈವ್' ಎಂಬ ಹೆಸರಾಂತ ಜಾಝ್ ಮಟ್ಟನ್ನು ಈತ ಹಾಡಿದ್ದು ಕೇಳಿ, ಬೆರಳು ತಾನಾಗೇ ತಾಳ ಹಾಕುತ್ತೆ.

ಜಾಝ್ ಅಂದರೆ ತಲೆನೋವು ಅಂತ ಮೂಗು ಮುರಿಯೋರಿದ್ದಾರೆ. ಅದನ್ನೇ ಮೆತ್ತಗೆ ಮಾಡಿ, ಪ್ರೇಮಗೀತೆಯ ಹದಕ್ಕೆ ತಂದರೆ ಸ್ಮೂತ್ ಜಾಝ್. ಆ ಹದ ಜರೋಗೆ ಕರಗತವಾಗಿತ್ತು. 1981ರ 'ಬ್ರೇಕಿನ್ ಅವೇ' ಅಮೆರಿಕದ ಮೊದಲ ಹತ್ತು ಆಲ್ಬಂಗಳ ಸಾಲಿಗೆ ನುಗ್ಗಿತು. ಒಟ್ಟು ಏಳು ಗ್ರ್ಯಾಮಿ ಪ್ರಶಸ್ತಿ! ಅದೂ ಜಾಝ್, ಪಾಪ್, ಆರ್ ಅಂಡ್ ಬಿ ಮೂರೂ ವಿಭಾಗಗಳಲ್ಲಿ ಗಾಯನಕ್ಕೆ ಸೈ ಎನಿಸಿಕೊಂಡವನು. 1985ರಲ್ಲಿ ಬರಗಾಲದ ಆಫ್ರಿಕಾಕ್ಕಾಗಿ ಮೈಕೆಲ್ ಜಾಕ್ಸನ್ ಮೊದಲಾದವರು ಕೂಡಿ ಹಾಡಿದ 'ವಿ ಆರ್ ದ ವರ್ಲ್ಡ್' ಹಾಡಿನಲ್ಲೂ ಈತನ ದನಿ ಇದೆ. 1989ರಲ್ಲಿ ಸ್ಪೈಕ್ ಲೀ ನಿರ್ದೇಶನದ 'ಡೂ ದ ರೈಟ್ ಥಿಂಗ್' ಚಿತ್ರಕ್ಕೂ ಹಾಡಿದ.

ಕೊನೇ ದೃಶ್ಯ

2010ರಲ್ಲಿ ಫ್ರಾನ್ಸಿಗೆ ಹೋದಾಗ ಉಸಿರಾಟದ ತೊಂದರೆಯಾಗಿ ಆಸ್ಪತ್ರೆ ಸೇರಿದ. 'ಮುಗೀತು ಕತೆ' ಅಂದುಕೊಂಡರು ಜನ. ಆಸಾಮಿ ಎದ್ದು ಮತ್ತೆ ವೇದಿಕೆ ಹತ್ತಿದ! 2017ರ ಫೆಬ್ರವರಿಯಲ್ಲಿ ಸುಸ್ತು ಮತ್ತೆ ಆಸ್ಪತ್ರೆಗೆ ಎಳೆಯಿತು. ಇನ್ನು ಊರೂರು ಸುತ್ತಿ ಹಾಡುವುದಿಲ್ಲ ಎಂಬ ಪ್ರಕಟಣೆ ಬಂತು. ಕೆಲವೇ ದಿನ ಕಳೆದು, ಫೆಬ್ರವರಿ 12ರಂದು ಕಣ್ಣು ಮುಚ್ಚಿದ. 77 ತುಂಬಲು ಒಂದೇ ತಿಂಗಳು ಬಾಕಿ. ವಿಧಿಯಾಟ ನೋಡಿ, ಅವತ್ತೇ ಲಾಸ್ ಏಂಜಲೀಸಿನಲ್ಲಿ ಆ ವರ್ಷದ ಗ್ರ್ಯಾಮಿ ಸಮಾರಂಭ!

ಈಗ ದಾವಣಗೆರೆಯ ತಮ್ಮನಿಗೆ ನಾಲ್ಕು ಮಾತು. ನೀನೂ ಜರೋ ಆಗ್ತೀಯ ಅಂತ ನಾನು ಹೇಳೋದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತೆ. ಸಾವಿರ ಜನ ಹಾಡ್ತಾರೆ, ಪ್ಲೇಟು ಬರೋದು ಒಬ್ಬನದು. ಆದರೆ 27ರಲ್ಲಿ ಜರೋ ಏನಾಗಿದ್ದ, ಯೋಚನೆ ಮಾಡು. ಹಗಲು ಆಫೀಸು, ರಾತ್ರಿ ಹಾಡು... ಥೇಟ್ ನೀನೇ! ಗೋಡೌನ್ ಲೆಕ್ಕ ಸರಿಯಾಗಿ ಬರಿ, ಅದು ಅನ್ನ. ಮೈಕನ್ನೂ ಬಿಡಬೇಡ. ಮನೆಯವರು ಬೈದರೆ, ಹಬ್ಬದ ದಿನ ಅವರನ್ನೇ ಮುಂದಿನ ಸಾಲಲ್ಲಿ ಕೂರಿಸು.

ನಾನು ಬಿಟ್ಟೆನಲ್ಲ, ಆವತ್ತು ಯಾರೂ ಬೈಯಲಿಲ್ಲ. ಎಲ್ಲರೂ ಒಳ್ಳೇದಾಯ್ತು ಅಂದರು. ಅದೇ ಇವತ್ತಿಗೂ ಚುಚ್ಚುತ್ತೆ.

ಈ ಸಲದ ಗಣೇಶನಿಗೆ ನಿಮ್ಮೂರಿಗೆ ಬರ್ತೀನಿ ತಮ್ಮಾ. ಕೋರಸ್ಸಿನಲ್ಲಿ ಹಿಂದೆ ಎಲ್ಲಾದರೂ ಒಬ್ಬನಿಗೆ ಜಾಗ ಇದ್ದರೆ, ಒಂದು ಕಾರ್ಡು ಹಾಕು.